ಅಕ್ಕನ ಗಿಟಾರಿನ ಎರಡನೇ ಕಾಯಿಲ್

ಫೆಬ್ರವರಿ 11, ಬೆಳಿಗ್ಗೆ 7

ಅಕ್ಕನ ಬಿಪಿ 140/90. ಎರಡು ಮಾತ್ರೆ ನುಂಗಿದ್ಲು. ಮೂರನೇದನ್ನ ದವಡೆಯಲ್ಲಿ ಬಚ್ಚಿಟ್ಕೊಂಡಿದ್ಲು — ಹಿಡಿದೆ. ಬಲಗೈ ಬೆರಳು ಇಪ್ಪತ್ತು ಸಲ ಬಿಡಿಸಿ ಮಡಚಿದ್ದಾಯ್ತು. ಬಿಡಿಸಿದ್ದೂ ನಾನೇ, ಮಡಚಿದ್ದೂ ನಾನೇ. ಅವಳು ಗೋಡೆ ನೋಡ್ತಿದ್ಲು.

ಡಾಕ್ಟರು ಬಿಪಿ ಬರೆದಿಡಿ ಅಂದಿದ್ದಕ್ಕೆ ಶುರುವಾದ ಡೈರಿ. ಬಿಪಿಗೆ ಒಂದು ಸಾಲು ಸಾಕು. ಉಳಿದ ಹಾಳೆ ಖಾಲಿ ಬಿಡೋಕೆ ಮನಸ್ಸು ಬರಲ್ಲ.

ಸ್ಟ್ರೋಕ್ ಆಗಿ ನಾಲ್ಕು ತಿಂಗಳು. ಬಲಗಡೆ ಹೋಯ್ತು, ಮಾತು ಹೋಯ್ತು. ಉಳಿದಿರೋದು ‘ಅದು’ ಅನ್ನೋ ಒಂದೇ ಶಬ್ದ. ನೀರು ಬೇಕಾದ್ರೂ ಅದು, ಬೇಡಾದ್ರೂ ಅದು. ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ಊರಿಗೆಲ್ಲ ಮಾತು ಜೋಡಿಸಿ ಕೊಟ್ಟವಳು.

ಮಾತಿನ ಮೇಡಂ — ಸ್ಪೀಚ್ ಥೆರಪಿಗೆ ಮನೆಗೆ ಬರೋರು — ನಿನ್ನೆ ಚಿತ್ರದ ಕಾರ್ಡು ತಂದಿದ್ರು. ಕುರ್ಚಿ, ಬೀಗ, ಲೋಟ. ಅಕ್ಕ ಕಣ್ಣು ಮುಚ್ಕೊಂಡ್ಲು. ಹೊರಗೆ ಬಂದು ಮೇಡಂ ಹೇಳಿದ್ರು — ಮೊದಲ ಆರು ತಿಂಗಳು ಮುಖ್ಯ, ಆದ್ರೆ ಅವರಿಗೆ ಬೇಕು ಅನ್ನಿಸ್ಬೇಕಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದ, ‘ಅತ್ತಿಗೆ ತೀರ್ಮಾನ ಮಾಡ್ಕೊಂಡ್ಬಿಟ್ಟಿದಾರೆ ರೀ’ ಅಂದ್ಲು. ಏನು ತೀರ್ಮಾನ ಅಂತ ನಾನು ಕೇಳ್ಲಿಲ್ಲ.

ಅಂಗಡಿಗೆ ಹೊರಡ್ಬೇಕು. ಮೂರು ಫ್ಯಾನು, ಒಂದು ಪಂಪ್ ಮೋಟರ್ ವೈಂಡಿಂಗ್ ಬಾಕಿ.

ಫೆಬ್ರವರಿ 13

ಅಕ್ಕನ ಬಾಡಿಗೆ ರೂಮು ಖಾಲಿ ಮಾಡಿದ್ದು ಇವತ್ತು. ಒಂಟಿ ಹೆಂಗಸಿನ ಇಪ್ಪತ್ತೆಂಟು ವರ್ಷ ಒಂದೇ ಆಟೋದಲ್ಲಿ ಹಿಡೀತು.

ಬೀರು ಎಳೆದಾಗ ಹಿಂದುಗಡೆ ಗೋಡೆಗೆ ಒರಗಿಸಿಟ್ಟಿದ್ದ ಒಂದು ಉದ್ದನೆ ಗಂಟು. ಕಂಬಳಿ, ಅದರೊಳಗೆ ಹಳೇ ಸೀರೆ, ಅದರೊಳಗೆ — ಗಿಟಾರ್. ಎಲೆಕ್ಟ್ರಿಕ್ ಗಿಟಾರ್. ಮಾಸಿದ ಕಂದು ಬಣ್ಣ, ತಂತಿಗಳೆಲ್ಲ ತುಕ್ಕು. ತಲೆ ಹತ್ತಿರ ಕಂಪನಿ ಹೆಸರಿರೋ ಜಾಗ ಉಜ್ಜಿ ಬೋಳು ಮಾಡಿದಾರೆ.

ಅಕ್ಕ ಮತ್ತು ಗಿಟಾರ್. ಬೆಕ್ಕಿಗೂ ಈಜಿಗೂ ಇರೋ ನಂಟು. ಅವಳು ಗುನುಗಿದ್ದನ್ನೂ ನಾನು ಕೇಳಿಲ್ಲ.

ಹೆಂಡತಿ ತಿರುಗಿಸಿ ಮುರುಗಿಸಿ ನೋಡಿದ್ಲು. ‘ಯಾರೋ ಕೊಟ್ಟಿದ್ದು ರೀ ಇದು. ಇಷ್ಟು ಜೋಪಾನವಾಗಿ ಸುತ್ತಿದಾರೆ ಅಂದ್ರೆ ಮುಚ್ಚಿಟ್ಟಿದ್ದು ಗಿಟಾರನ್ನಲ್ಲ.’

‘ಅಕ್ಕನಿಗಾ?’

‘ಯಾಕೆ, ನಿಮ್ಮಕ್ಕ ಏನು ಹುಟ್ಟುವಾಗ್ಲೇ ಅರವತ್ಮೂರಾ?’

ಫೆಬ್ರವರಿ 14, ಸಂಜೆ

ಅಕ್ಕನ ಮುಂದೆ ಹಿಡಿದೆ. ‘ಇದು ಯಾರದ್ದಕ್ಕಾ?’

ನೋಡಿದ್ಲು. ಎಷ್ಟೋ ಹೊತ್ತು. ಆಮೇಲೆ ಎಡಗೈಲಿ ಹೊದಿಕೆ ಎಳ್ಕೊಂಡು ಮುಖ ಮುಚ್ಕೊಂಡ್ಲು. ಹೊದಿಕೆ ಕೆಳಗಿಂದ — ಅದು, ಅದು, ಅದು.

ತಪ್ಪು ಮಾಡಿದ್ನೇನೋ. ಆದ್ರೂ... ನಾಲ್ಕು ತಿಂಗಳಲ್ಲಿ ಅವಳು ಒಂದು ವಸ್ತುವನ್ನ ಅಷ್ಟು ಹೊತ್ತು ನೋಡಿದ್ದು ಇದೇ ಮೊದಲು.

ಫೆಬ್ರವರಿ 17

ಮಧ್ಯಾಹ್ನ ಗಿಟಾರ್ ಅಂಗಡಿಗೆ ಹೋದೆ. ಅಂಗಡಿಯವನು ಕುದುರೆಬಾಲ ಬಿಟ್ಟಿದಾನೆ, ನನ್ನ ಅರ್ಧ ವಯಸ್ಸು, ಕನ್ನಡಕದ ಮೇಲಿಂದ ನೋಡ್ತಾನೆ. ಮೊದಲು ಮೂಗು ಮುರಿದ. ಆಮೇಲೆ ದೀಪದ ಕೆಳಗೆ ಹಿಡಿದು ಕನ್ನಡಕ ಸರಿ ಮಾಡ್ಕೊಂಡ.

ಅವನು ಹೇಳಿದ್ದು — ಹಿಡಿಯೋ ಕೋಲು, ಅದಕ್ಕೆ ನೆಕ್ ಅಂತಾರೆ, ಅದು ಮಾತ್ರ ಫ್ಯಾಕ್ಟರಿದು. ಬೇರೆ ಯಾವುದೋ ಅಗ್ಗದ ಗಿಟಾರಿಂದ ಬಿಚ್ಚಿದ್ದು. ಹಲಗೆ ಕೈಯಲ್ಲಿ ಕೊರೆದಿದ್ದು. ಒಳ್ಳೇ ತೇಗ. ತಂತಿ ಕೆಳಗಿರೋ ಎರಡು ಉದ್ದನೆ ಡಬ್ಬಿ ಪಿಕಪ್ಪು — ತಂತಿ ಅಲುಗಿದ್ದನ್ನ ಕರೆಂಟ್ ಮಾಡಿ ಕಳಿಸೋವು.

‘ಈ ಸ್ವಿಚ್ಚು ಯಾವ ಗಿಟಾರಲ್ಲೂ ನಾನು ನೋಡಿಲ್ಲ. ಇಂಥ ಪಿಕಪ್ಪೂ ನೋಡಿಲ್ಲ. ಯಾವ ಕಂಪನಿ ಅಂತ ಕೇಳಿದ್ರೆ ಯಾವುದೂ ಅಲ್ಲ ಸಾರ್.’

‘ರಿಪೇರಿ?’

‘ಪಿಕಪ್ ಒಂದು ಸತ್ತಿದೆ. ಒಳಗೆ ಕಾಯಿಲ್ ಇರುತ್ತೆ, ಕೂದಲಿಗಿಂತ ಸಣ್ಣ ತಂತಿ, ಸಾವಿರಾರು ಸುತ್ತು. ಅದನ್ನ ಸುತ್ತೋರು ಇಲ್ಲಿ ಯಾರೂ ಇಲ್ಲ.’

ನಕ್ಕುಬಿಟ್ಟೆ. ಅವನಿಗೆ ಯಾಕೆ ಅಂತ ಗೊತ್ತಾಗ್ಲಿಲ್ಲ. ಮೂವತ್ತು ವರ್ಷದಿಂದ ನಾನು ಮಾಡ್ತಿರೋದು ಅದೊಂದೇ ಕೆಲಸ.

ಫೆಬ್ರವರಿ 21, ಮಧ್ಯಾಹ್ನ, ಅಂಗಡಿಯಲ್ಲಿ

ಗಿರಾಕಿ ಇಲ್ಲ. ಬಿಚ್ಚಿ ಕೂತೆ.

ಮಲ್ಟಿಮೀಟರ್ ಹಿಡಿದ್ರೆ ಒಂದು ಪಿಕಪ್ 6.2 ಕಿಲೋ ಓಮ್ ತೋರಿಸ್ತು, ಸರಿ ಇದೆ. ಇನ್ನೊಂದು ಓಪನ್. ಒಳಗೆಲ್ಲೋ ತುಂಡಾಗಿದೆ.

ಮುಚ್ಚಳ ತೆಗೆದು ಒಳ್ಳೇ ಕಾಯಿಲ್ ನೋಡಿದೆ. ಹೊಟ್ಟೆಕಿಚ್ಚಾಯ್ತು. ಸುತ್ತಿನ ಪಕ್ಕ ಸುತ್ತು, ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ನಂಗೆ ಈಗ್ಲೂ ಇಷ್ಟು ಚೆನ್ನಾಗಿ ಬರಲ್ಲ. ಅಪ್ಪನ ಕೈ ಇದ್ದ ಹಾಗೆ ಇದೆ. ಆದ್ರೆ ಅಪ್ಪ ಕೊನೇ ತುದಿಯನ್ನ ಎಡಕ್ಕೆ ಮಡಚ್ತಿದ್ರು, ಇದು ಬಲಕ್ಕೆ.

ಹಲಗೆಯ ಹಿಂಭಾಗದ ಬಣ್ಣ ಸ್ವಲ್ಪ ಕೆರೆದೆ. ಕೆಳಗೆ ಎರಡು ಸಾಲು ದುಂಡನೆ ಗುರುತು, ಒಂದೇ ಅಂತರದಲ್ಲಿ. ಮೊದಲು ತೂತಿದ್ದು, ಆಮೇಲೆ ಮರದ ಬೆಣೆ ಬಡಿದು ಮುಚ್ಚಿದಾರೆ. ಹದಿನಾಲ್ಕು. ಗಿಟಾರಿಗೆ ಯಾಕೆ ಹದಿನಾಲ್ಕು ತೂತು?

ಫೆಬ್ರವರಿ 22, ಬೆಳಿಗ್ಗೆ 8:30

ಅಕ್ಷರ ಸೊಟ್ಟಗಾದ್ರೂ ಸರಿ, ಈಗ್ಲೇ ಬರೀಬೇಕು.

ಗಿಟಾರಿನ ಜೊತೆ ಒಂದು ವೈರ್ ಇತ್ತು. ಬಟ್ಟೆ ಸುತ್ತಿದ ಹಳೇ ವೈರು, ತುದಿಗೆ ಹಿತ್ತಾಳೆ ಪ್ಲಗ್. ಕಿಟಕಿ ಹತ್ತಿರ ಕೂತು ಪಾಲಿಶ್ ಹಾಕಿ ಉಜ್ಜುತಿದ್ದೆ. ಅಕ್ಕ ಹಾಸಿಗೆಯಲ್ಲಿ ಒರಗಿದ್ಲು. ಕೈ ಚಾಚಿದ್ಲು. ಕೊಟ್ಟೆ.

ಪ್ಲಗ್ಗನ್ನ ಎಡಗೈಲಿ ಹಿಡಿದು ಹೆಬ್ಬೆರಳಿಂದ ಸವರಿದ್ಲು. ಬೆನ್ನು ನೆಟ್ಟಗಾಯ್ತು. ಗದ್ದ ಮೇಲೆ ಬಂತು. ಆಮೇಲೆ, ಸ್ಪಷ್ಟವಾಗಿ, ಸಿಹಿಯಾಗಿ, ಮೊದಲಿನ ಅವಳದೇ ದನಿಯಲ್ಲಿ —

‘ನಂಬರ್ ಪ್ಲೀಸ್.’

ಹೆಂಡತಿ ಕೈಲಿದ್ದ ಹಾಲಿನ ಪಾತ್ರೆ ಹಾಗೇ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಲು. ಅಕ್ಕನೇ ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ಲು. ಇನ್ನೊಂದು ಸಲ ಹೇಳೋಕೆ ಹೋದ್ಲು, ‘ಅದು’ ಬಂತು. ಅತ್ತಳು. ನಾನೂ.

ಸಂಜೆ

ಮಾತಿನ ಮೇಡಂಗೆ ಫೋನ್ ಮಾಡಿದೆ. ಲಕ್ಷ ಸಲ ಹೇಳಿ ಹೇಳಿ ರೂಢಿಯಾದ ಮಾತು ಒಮ್ಮೊಮ್ಮೆ ಇಡಿಯಾಗಿ ಹೊರಗೆ ಬರುತ್ತಂತೆ. ಹಾಡೂ ಹಾಗೇ ಅಂತೆ. ‘ಆ ವಸ್ತು ಅವರ ಕಣ್ಣೆದುರಿಗೇ ಇರ್ಲಿ. ಅದರ ಬಗ್ಗೆ ಏನೇನು ಗೊತ್ತಾಗುತ್ತೋ ತಿಳ್ಕೊಳ್ಳಿ’ ಅಂದ್ರು.

ನಂಗೂ ತಲೆ ಓಡಿತು. ಆ ಪ್ಲಗ್ಗು ಎಕ್ಸ್‌ಚೇಂಜಿನ ಸ್ವಿಚ್‌ಬೋರ್ಡಿಂದು. ಆಪರೇಟರುಗಳು ಒಂದು ತೂತಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿ ಲೈನು ಕೊಡ್ತಿದ್ದದ್ದು. ವಿಚಿತ್ರ ಸ್ವಿಚ್ಚೂ ಅಲ್ಲಿಂದ್ಲೇ. ಹದಿನಾಲ್ಕು ತೂತೂ. ಈ ಗಿಟಾರ್ ಹುಟ್ಟಿದ್ದು ಎಕ್ಸ್‌ಚೇಂಜಿನಲ್ಲಿ.

ಮಾರ್ಚ್ 3

ನಿವೃತ್ತರ ಸಂಘದಲ್ಲಿ ವಿಚಾರಿಸಿದೆ. ಎಕ್ಸ್‌ಚೇಂಜ್ ವರ್ಕ್‌ಶಾಪಿನ ಹಳೇ ಮೆಕ್ಯಾನಿಕ್ ಒಬ್ಬರು ಇದ್ದಾರಂತೆ. ಎಂಬತ್ತರ ಹತ್ತಿರ. ಒಂದು ಕಿವಿ ಕೇಳಲ್ಲ, ಇನ್ನೊಂದು ಅವರಿಗೆ ಬೇಕಾದಾಗ ಕೇಳುತ್ತೆ — ಗುಮಾಸ್ತ ಹೇಳಿದ್ದು. ವಿಳಾಸ ಸಿಕ್ತು. ಭಾನುವಾರ ಹೋಗ್ತೀನಿ.

ಹೆಂಡತಿಗೆ ಭಾರಿ ಖುಷಿ. ‘ಗಿಟಾರ್ ಕೊಟ್ಟವರು ಅವರೇ ಇರ್ಬೇಕು. ಪ್ಯಾಂಟ್ ಇಸ್ತ್ರಿ ಮಾಡ್ಕೊಡ್ಲಾ? ಬೀಗರನ್ನ ನೋಡೋಕೆ ಹೋಗ್ತಿದೀರ.’

ಮಾರ್ಚ್ 8, ಭಾನುವಾರ

ಹೋಗಿ ಬಂದೆ.

ನಾಳೆ ಬರೀತೀನಿ.

ಮಾರ್ಚ್ 16

ಎಂಟು ದಿನ ಬಿಪಿ ಬಿಟ್ಟು ಏನೂ ಬರೀಲಿಲ್ಲ. ಬರೆದು ಮುಗಿಸ್ಬೇಕು.

ಮೆಕ್ಯಾನಿಕ್ಕು ಎರಡನೇ ಮಹಡಿಯಲ್ಲಿ ಇರೋದು. ಬಾಗಿಲು ತೆಗೆದವರ ಮುಂದೆ ಗಿಟಾರ್ ಹಿಡಿದೆ. ನನ್ನ ಮುಖ ನೋಡ್ಲಿಲ್ಲ, ಗಿಟಾರ್ ತಗೊಂಡು ಒಳಗೆ ನಡೆದ್ರು. ಕುರ್ಚಿ ಮೇಲೆ ಮಲಗಿಸಿ ಬೆನ್ನು ತಟ್ಟಿದ್ರು, ಮಗು ತಟ್ಟಿದ ಹಾಗೆ.

‘ನೀವೇ ಮಾಡಿದ್ದಾ ಇದು?’ ಜೋರಾಗಿ ಕೇಳಿದೆ.

‘ನಾನಾ? ನಂಗೆ ಸ್ಕ್ರೂ ಬಿಗಿಯೋದು ಗೊತ್ತು ಅಷ್ಟೇ. ಇದು ಆಪರೇಟರಮ್ಮ ಮಾಡಿದ್ದು. ನಾನು ಗುಜರಿ ಕೊಟ್ಟೆ, ಅವಳು ಗಿಟಾರ್ ಮಾಡಿದ್ಲು.’

ಕೈಯಲ್ಲಿ ಲೈನು ಜೋಡಿಸೋ ಬೋರ್ಡು ತೆಗೆದು ಆಟೋಮ್ಯಾಟಿಕ್ ಹಾಕಿದ ವರ್ಷವಂತೆ. ಹಳೇ ಬೋರ್ಡು ಒಡೆದು ಹೊರಗೆ ಹಾಕ್ತಿದ್ರು. ತಾನು ಏಳು ವರ್ಷ ಕೂತ ಮೇಜಿನ ಹಲಗೆ ಕೊಡಿ ಅಂತ ಅಕ್ಕ ಕೇಳಿದ್ಲಂತೆ. ಊಟದ ಹೊತ್ತಲ್ಲಿ ಕೊರೆದ್ಲು, ಉಜ್ಜಿದ್ಲು, ತೂತು ಮುಚ್ಚಿದ್ಲು. ಕ್ಯಾಷಿಯರ್ ಒಬ್ಬ ತನ್ನ ಗಿಟಾರ್ ಮೇಲೆ ತಾನೇ ಕೂತು ಮುರ್ಕೊಂಡಿದ್ದ. ನೆಕ್ ಅದರದ್ದು. ಅಯಸ್ಕಾಂತ ಹಳೇ ಫೋನಿಂದು. ತಂತಿ ಎಕ್ಸ್‌ಚೇಂಜಿನ ರಿಲೇ ಸ್ವಿಚ್ಚುಗಳ ಕಾಯಿಲಿಂದ ಬಿಚ್ಚಿದ್ದು.

‘ಸುತ್ತಿದ್ದು?’

‘ಅವಳೇ. ನಿಮ್ಮಪ್ಪನ ಅಂಗಡೀಲಿ, ಭಾನುವಾರ. ನಿಮ್ಮಪ್ಪ ಬೀಗ ತೆಗೆದು ಕೊಟ್ಟು ಹೊರಗೆ ಪೇಪರ್ ಓದ್ತಾ ಕೂರ್ತಿದ್ರಂತೆ. ಹನ್ನೆರಡು ವರ್ಷಕ್ಕೇ ಅವಳಿಗೆ ಸುತ್ತೋದು ಕಲಿಸಿದ್ರಂತಲ್ಲ. ನಿಂಗೆ ಗೊತ್ತಿಲ್ವಾ? ನೀನು ಅವಳ ತಮ್ಮ ತಾನೇ, ಫ್ಯಾನ್ ಅಂಗಡಿ?’

ಅವಳು ಸುತ್ತುತಿದ್ದದ್ದು ಗೊತ್ತು. ನಾನು ಚಿಕ್ಕವನಿದ್ದಾಗ ಅವಳ ಪಕ್ಕ ಕೂತು ತಂತಿಯ ಚೂರಲ್ಲಿ ಆಡ್ತಿದ್ದೆ. ನಾನು ದೊಡ್ಡವನಾದೆ, ಅವಳು ಕೆಲಸಕ್ಕೆ ಹೋದ್ಲು, ಅಂಗಡಿ ನಂದಾಯ್ತು. ಯಾರೂ ಅವಳನ್ನ ಕೇಳ್ಲಿಲ್ಲ. ಅಪ್ಪನೂ ಕೇಳ್ಲಿಲ್ಲ. ನಂಗೆ ಕೇಳ್ಬೇಕು ಅಂತ ಹೊಳೀಲೂ ಇಲ್ಲ. ಭಾನುವಾರ ನಾನು ಅಂಗಡಿ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ.

ನಾಲ್ಕು ವರ್ಷ ಬಾರಿಸಿದ್ಲಂತೆ. ಎಕ್ಸ್‌ಚೇಂಜಿನವರು ಐದು ಜನ ಸೇರ್ಕೊಂಡು, ಸ್ಟಾಫ್ ಹಾಲಲ್ಲಿ, ವರ್ಷಕ್ಕೆ ಎರಡು ಸಲ ಕಾರ್ಯಕ್ರಮ. ಅಕ್ಕ ಹಾಡ್ತಿದ್ಲು ಕೂಡ.

‘ನಿಲ್ಲಿಸಿದ್ದು ಯಾಕೆ?’

ಮುದುಕರು ಸತ್ತ ಪಿಕಪ್ಪಿನ ಮೇಲೆ ಬೆರಳಿಟ್ರು. ಕೇಳೋ ಕಿವಿ ನನ್ನ ಕಡೆಗೇ ಇತ್ತು.

‘ಒಂದು ಕಾಯಿಲ್ ಹೋಯ್ತು. ಅಷ್ಟರಲ್ಲಿ ನಿಮ್ಮಪ್ಪ ಹೋಗಿದ್ರು. ಅಂಗಡಿಗೆ ಹೋದ್ಲು, ಒಂದು ಭಾನುವಾರ ಮೆಷಿನ್ ಬಿಟ್ಟುಕೊಡು ಅಂತ ಕೇಳೋಕೆ. ತಮ್ಮ ಬಿಜಿ ಇದ್ದಾನೆ, ಆಮೇಲೆ ನೋಡೋಣ ಅಂದಿದಾನೆ ಅಂದ್ಲು. ಮುಂದಿನ ತಿಂಗಳೂ ಹಾಗೇ ಹೇಳಿದ್ಲು. ಆಮೇಲೆ ನಾವೂ ಕೇಳೋದು ಬಿಟ್ವಿ.’

ಎಂಟು ದಿನದಿಂದ ನೆನಪು ಕೆದಕ್ತಿದೀನಿ. ನೆನಪಿಲ್ಲ. ಜಗಳ ಆಡಿದ್ರೆ ನೆನಪಿರ್ತಿತ್ತು. ಬೈದಿದ್ರೂ ನೆನಪಿರ್ತಿತ್ತು. ಟೇಬಲ್ ಫ್ಯಾನ್ ಬಿಚ್ಚಿಕೊಂಡು ತಲೆ ಎತ್ತದೆ ಹೇಳಿರ್ಬೇಕು. ಇಷ್ಟು ವರ್ಷ ಅವಳ ಬೀರು ಹಿಂದೆ ನಿಂತಿದ್ದು ನನ್ನ ಒಂದು ಮಾತು, ನಂಗೆ ನೆನಪೂ ಇಲ್ಲದ್ದು.

ಬರುವಾಗ ಮೆಕ್ಯಾನಿಕ್ಕು ಮಂಚದ ಕೆಳಗಿಂದ ಒಂದು ಡಬ್ಬಿ ಎಳೆದ್ರು. ಒಳಗೆ ಮೂರು ರಿಲೇ ಕಾಯಿಲು. ‘ಅದೇ ತಂತಿ. ತಗೊಂಡು ಹೋಗು. ನಾನು ಸತ್ತ ಮೇಲೆ ಇದನ್ನ ತೂಕಕ್ಕೆ ಹಾಕ್ತಾರೆ.’

ಮಾರ್ಚ್ 17, ಬೆಳಿಗ್ಗೆ

ಬಿಪಿ 136/86.

ಹೇಳಿದೆ. ಮಂಚದ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ‘ನೀನು ಕೇಳಿದ್ದೆ, ನಾನು ಆಮೇಲೆ ಅಂದೆ. ನಂಗೆ ಅದು ನೆನಪೂ ಇಲ್ಲ ಅಕ್ಕ. ಅದೇ ನಾಚಿಕೆ.’

ಅಕ್ಕ ಎಡಗೈ ಎತ್ತಿದ್ಲು. ತಲೆ ಸವರ್ತಾಳೆ ಅಂದ್ಕೊಂಡೆ. ಕಿವಿ ಹಿಡಿದು ತಿರುಚಿದ್ಲು, ಒಳ್ಳೇ ಅರ್ಧ ಸುತ್ತು. ಕಣ್ಣಲ್ಲಿ ನೀರು ಬಂತು, ನೋವಿಗೇ. ಆ ಕೈಲಿ ಅಷ್ಟು ಬಲ ಇದೆ ಅಂತ ಗೊತ್ತಿರ್ಲಿಲ್ಲ.

ಬಿಟ್ಟ ಮೇಲೆ ಮೂರನೇ ಮಾತ್ರೆ ತಾನೇ ಎತ್ಕೊಂಡು ನುಂಗಿದ್ಲು.

ಮಾರ್ಚ್ 22, ಭಾನುವಾರ

ಅಕ್ಕನನ್ನ ಗಾಲಿಕುರ್ಚಿಯಲ್ಲಿ ಅಂಗಡಿಗೆ ಕರ್ಕೊಂಡು ಹೋದೆ. ಹೆಂಡತಿಯೂ ಬಂದ್ಲು, ಫ್ಲಾಸ್ಕಲ್ಲಿ ಟೀ ಸಮೇತ. ಅಪ್ಪನ ಕೈಮೆಷಿನ್ ಒರೆಸಿ, ಎಣ್ಣೆ ಬಿಟ್ಟು, ಸುತ್ತು ಎಣಿಸೋ ಕೌಂಟರ್ ಸೊನ್ನೆಗೆ ತಂದೆ.

ಒಂಬೈನೂರನೇ ಸುತ್ತಿಗೆ ತಂತಿ ಕಟ್. ಮತ್ತೆ ಮೊದಲಿಂದ. ಎರಡು ಸಾವಿರಕ್ಕೆ ಕಟ್. ಮೂವತ್ತು ವರ್ಷದ ಅನುಭವ! ಫ್ಯಾನಿನ ತಂತಿ ಇದರ ಮುಂದೆ ಹಗ್ಗ. ಹೆಂಡತಿ ಟೀ ಬಗ್ಗಿಸ್ತಾ, ‘ಊರಿಗೆಲ್ಲ ವೈಂಡಿಂಗ್ ಮಾಡೋರು ಇವರೇನಾ’ ಅಂದ್ಲು.

ಮೂರನೇ ಸಲಕ್ಕೆ ಅಕ್ಕ ನನ್ನ ಬಲಗೈ ಮೇಲೆ ಪಟ್ ಅಂತ ಹೊಡೆದ್ಲು. ಕುರ್ಚಿ ಹತ್ತಿರ ತಳ್ಳು ಅಂತ ಗದ್ದ ಆಡಿಸಿದ್ಲು. ತಳ್ಳಿದೆ. ತಂತಿಯನ್ನ ತನ್ನ ಎಡಗೈ ಹೆಬ್ಬೆರಳು-ತೋರುಬೆರಳ ಮಧ್ಯೆ ತಗೊಂಡ್ಲು. ಹಿಡೀಲಿಲ್ಲ, ಸುಮ್ಮನೆ ದಾರಿ ತೋರಿಸಿದ ಹಾಗೆ. ತಿರುಗಿಸು ಅಂತ ನೋಡಿದ್ಲು.

ನಾನು ಹಿಡಿಕೆ ತಿರುಗಿಸಿದೆ, ಅವಳು ತಂತಿ ಬಿಟ್ಲು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ನಾನು ಬೇಗ ತಿರುಗಿಸಿದಾಗ ಹ್ಞಾಂ ಅಂತ ಗದರಿಸಿದ್ಲು. ನಾಲ್ಕು ಸಾವಿರ. ಐದು. ಹೆಂಡತಿ ಪಕ್ಕದಲ್ಲಿ ಬಂದು ನಿಂತ್ಲು. ಏಳು ಸಾವಿರದ ಇನ್ನೂರಕ್ಕೆ ಅಕ್ಕ ಬೆರಳೆತ್ತಿದ್ಲು. ಸಾಕು. ತುದಿಯನ್ನ ಬಲಕ್ಕೆ ಮಡಚಿದ್ಲು.

ಮೀಟರ್ ಹಿಡಿದೆ. 6.3.

ಮೂರು ಜನವೂ ಆ ಅಂಕಿ ನೋಡ್ತಾ ಕೂತ್ವಿ. ಟೀ ಆರಿ ಹೋಯ್ತು.

ಮಾರ್ಚ್ 29

ಕಾಯಿಲನ್ನ ಕರಗಿಸಿದ ಮೇಣದಲ್ಲಿ ಅದ್ದಿ ಆರಿಸಿದ್ದು, ಸ್ವಿಚ್ಚಿನ ಕಿಲುಬು ತೆಗೆದದ್ದು, ಹೊಸ ಸೋಲ್ಡರ್ — ಎಲ್ಲ ಮುಗೀತು. ಬಣ್ಣ ಪೂರ್ತಿ ತೆಗೆದು ಎಣ್ಣೆ ಮಾತ್ರ ಹಚ್ಚಿದೆ. ಹದಿನಾಲ್ಕು ಬೆಣೆಯೂ ಕಾಣ್ಲಿ ಅಂತ. ಅಕ್ಕ ಒಪ್ಪಿದ್ಲು, ಬೆರಳಲ್ಲಿ ಒಂದೊಂದೇ ಮುಟ್ಟಿ.

ಕುದುರೆಬಾಲದವನು ತಂತಿ ಹಾಕಿ ಕೊಟ್ಟ. ಈಗ ಗಿಟಾರಿನ ಹೆಸರು ಕೇಳಲ್ಲ, ಅಕ್ಕನ ಆರೋಗ್ಯ ಕೇಳ್ತಾನೆ. ‘ಮೇಡಂ ಇನ್ನೊಂದು ಸೆಟ್ ಸುತ್ತಿ ಕೊಡ್ತಾರಾ ಕೇಳಿ ಸಾರ್. ಅವಸರ ಇಲ್ಲ.’

ಏಪ್ರಿಲ್ 2, ಸಂಜೆ 5

ಗಿರಾಕಿ ಬಿಟ್ಟು ಹೋದ ಹಳೇ ಆಂಪ್ಲಿಫೈಯರ್‌ಗೆ ಜೋಡಿಸಿದೆ. ಮೊದಲು ಬರೀ ಗುಂಯ್. ತಂತಿ ಮುಟ್ಟಿದ್ರೆ ನಿಲ್ಲುತ್ತೆ, ಅಂದ್ರೆ ಅರ್ಥಿಂಗ್. ಅದು ನನ್ನ ಸೀಮೆ, ಹತ್ತು ನಿಮಿಷದ ಕೆಲಸ.

ಗಿಟಾರನ್ನ ಅಕ್ಕನ ತೊಡೆ ಮೇಲಿಟ್ಟೆ. ಎಡಗೈ ನೆಕ್ ಮೇಲೆ ಹೋಯ್ತು. ಮೂರು ಬೆರಳು ಮೂರು ಕಡೆ ಕೂತವು, ಮನೆಗೆ ಬಂದವರು ತಮ್ಮ ತಮ್ಮ ಜಾಗದಲ್ಲಿ ಕೂತ ಹಾಗೆ. ಬಲಗೈ ಮಾತ್ರ ಮಡಿಲಲ್ಲಿ ಬಿದ್ದಿತ್ತು. ಅದನ್ನ ನೋಡಿದ್ಲು. ಮುಖ ಸಣ್ಣಗಾಯ್ತು. ನೆಕ್ ಮೇಲಿಂದ ಬೆರಳು ಎತ್ತೋದ್ರಲ್ಲಿದ್ಲು —

ನಾನು ಪಕ್ಕ ಮಂಡಿಯೂರಿ ಕೂತು ನನ್ನ ಬಲಗೈ ತಂತಿ ಮೇಲಿಟ್ಟೆ. ‘ಇದು ಇದೆಯಲ್ಲಕ್ಕ. ಕೆಳಗಿಂದ ಮೇಲಾ, ಮೇಲಿಂದ ಕೆಳಗಾ?’

ಗದ್ದದಲ್ಲಿ ತೋರಿಸಿದ್ಲು. ಮೇಲಿಂದ ಕೆಳಗೆ ಎಳೆದೆ.

ಬಂತು. ತುಂಬಿಕೊಂಡು ಬಂತು, ರೂಮಿನ ಮೂಲೆ ಮೂಲೆಗೆ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅಕ್ಕ ಬೆರಳು ಬದಲಾಯಿಸಿದ್ಲು, ನಾನು ಎಳೆದೆ. ಮತ್ತೆ ಬದಲಾಯಿಸಿದ್ಲು. ನಾಲ್ಕನೇ ಸಲಕ್ಕೆ ಅವಳ ಗಂಟಲಿಂದ ದನಿ ಬಂತು. ಪದ ಇರ್ಲಿಲ್ಲ, ರಾಗ ಮಾತ್ರ. ಒಡೆದ ದನಿ. ಆದ್ರೆ ತಂತಿ ಹೋದ ಕಡೆಗೇ ಹೋಯ್ತು.

ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ಲು.

ಏಪ್ರಿಲ್ 19

ದಿನಾ ಬೆಳಿಗ್ಗೆ ಅರ್ಧ ಗಂಟೆ. ನನ್ನ ಬೆರಳ ತುದಿ ಊದಿದೆ. ಮಾತಿನ ಮೇಡಂ ಈಗ ಕಾರ್ಡು ತರಲ್ಲ, ರಾಗದ ಮೇಲೆ ಶಬ್ದ ಕೂರಿಸ್ತಾರೆ. ನೀರು, ಬಾಗಿಲು, ತಮ್ಮ. ‘ತಮ್ಮ’ ಮೂರು ಸಲ ಬಂತು. ಒಂದು ಸಲ ಹೆಂಡತಿಯನ್ನ ನೋಡಿ ಬಂತು, ಪರವಾಗಿಲ್ಲ.

ವಾರಕ್ಕೆ ಮೂರು ದಿನ ಅಂಗಡಿಗೆ ಬರ್ತಾಳೆ. ಸಣ್ಣ ತಂತಿಯ ಕೆಲಸ ಎಲ್ಲ ಅವಳ ಬೆರಳಿಗೆ, ಹಿಡಿಕೆ ನಂಗೆ. ಬಲಗೈ ಹೆಬ್ಬೆರಳು ಮೊನ್ನೆ ಸ್ವಲ್ಪ ಅಲ್ಲಾಡಿತು. ಡಾಕ್ಟರು ಹೆಚ್ಚು ಆಸೆ ಇಟ್ಕೋಬೇಡಿ ಅಂದ್ರು. ಸ್ವಲ್ಪ ಇಟ್ಕೊಂಡಿದೀವಿ.

ಏಪ್ರಿಲ್ 26, ಬೆಳಿಗ್ಗೆ 10

ಮೆಕ್ಯಾನಿಕ್ಕು ಫೋನ್ ಮಾಡಿದ್ರು. ಬಾರಿಸ್ತಿದ್ದ ಹಳೇ ಐದು ಜನರಲ್ಲಿ ಅಕ್ಕನನ್ನ ಬಿಟ್ಟು ಮೂರು ಜನ ಇನ್ನೂ ಇದ್ದಾರೆ, ಮುಂದಿನ ಭಾನುವಾರ ಬರ್ತಾರಂತೆ. ಅಕ್ಕನಿಗೆ ಹೇಳಿದ ಗಳಿಗೆಯಿಂದ ನಂಗೆ ಬಿಡುವಿಲ್ಲ. ಒಂದೇ ಹಾಡು ಆರು ಸಲ. ಆರನೇದರ ಮಧ್ಯೆ ಅಕ್ಕ ಬೆರಳು ಎತ್ತಿ ನಿಲ್ಲಿಸಿದ್ಲು. ಬಾಯಿ ತೆರೆದ್ಲು, ಹುಡುಕಿದ್ಲು, ಹಣೆ ಬೆವರಿತು. ನಾನು ಕಾದೆ. ಮೇಡಂ ಹೇಳಿದಾರೆ, ನೀವು ತುಂಬಿ ಕೊಡ್ಬೇಡಿ ಅಂತ.

‘ನೀನು... ಬೇಗ... ಹೊಡೀತೀಯ.’

ರೂಢಿಯ ಮಾತಲ್ಲ ಇದು. ಇವತ್ತು, ಈಗ, ನಂಗೋಸ್ಕರ ಕಟ್ಟಿದ್ದು. ಆರು ತಿಂಗಳ ಮೇಲೆ ಅಕ್ಕ ಆಡಿದ ಮೊದಲ ಪೂರ್ತಿ ವಾಕ್ಯ, ಅದೂ ಬೈಗುಳ. ಹೆಂಡತಿಗೆ ಕೂಗಿ ಹೇಳಿದೆ. ‘ಸರಿಯಾಗೇ ಹೇಳಿದಾರೆ’ ಅಂತ ಉತ್ತರ ಬಂತು.

ಬರೆದಿಡೋಣ ಅಂತ ಎದ್ದು ಬಂದೆ. ಕರೀತಿದಾಳೆ. ತಮ್ಮ. ಸರಿಯಾಗಿ, ನನ್ನನ್ನೇ. ಹೋಗ್ಬೇಕು, ಈ ಸಲ ನಿಧಾನಕ್ಕೆ —